ಲೈಯಲ್ ಕಣಿವೆಯಲ್ಲಿ ಒಬ್ಬಳೇ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಯೊಸೆಮಿಟಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದೆ ಎಂದರೆ ಹಾಫ್ ಡೋಮ್ ಎಂಬ ಬಂಡೆಬೆಟ್ಟ ಹತ್ತಿದೆಯಾ, ಜಲಪಾತದಲ್ಲಿ ನೀರಿತ್ತಾ ಎಂದು ಕೇಳುತ್ತಾರೆ. ಒಬ್ಬಳೇ ಹೋಗಿದ್ದೆ, ಟೆಂಟ್ ಹೊತ್ತುಕೊಂಡು ಕಾಡೊಳಗೇ ಮಲಗಿದ್ದೆ ಎಂದರೆ ಮಾತು ನೇರ ಕರಡಿಗೆ ಬಂದು ನಿಲ್ಲುತ್ತದೆ. ಗಂಡಸರು ಅಷ್ಟಕ್ಕೇ ಬಿಡುತ್ತಾರೆ. ಹೆಂಗಸರು ಮಾತ್ರ ಆಮೇಲೆ ಪಕ್ಕಕ್ಕೆ ಕರೆದು, "ಅದೆಲ್ಲ ಇರಲಿ, ಪರ್ಮಿಟ್ ಹೇಗೆ ಸಿಕ್ತು ಹೇಳು" ಎನ್ನುತ್ತಾರೆ. ಅದು ಸರಿಯಾದ ಪ್ರಶ್ನೆ. ಅಲ್ಲಿಂದಲೇ ಶುರುಮಾಡುತ್ತೇನೆ.

ಯೊಸೆಮಿಟಿಯ ಹೆಚ್ಚೂಕಡಿಮೆ ಶೇ. 95ರಷ್ಟು ಜಾಗ 1984ರ ಕಾಯಿದೆಯ ಪ್ರಕಾರ 'ವೈಲ್ಡರ್ನೆಸ್'. ರಸ್ತೆ ಇಲ್ಲ, ಕಟ್ಟಡ ಇಲ್ಲ, ನಡೆದೇ ಹೋಗಬೇಕು. ಹೋಟೆಲು, ಟ್ರಾಫಿಕ್ಕು, ಸೆಲ್ಫಿಯ ಜಾತ್ರೆ ಎಲ್ಲವೂ ಉಳಿದ ಚೂರಿನಲ್ಲಿ. ಹಾಫ್ ಡೋಮಿನ ನೆತ್ತಿಗೆ ಕೇಬಲ್ ಹಿಡಿದು ಹತ್ತುವುದೊಂದನ್ನು ಬಿಟ್ಟರೆ, ಹಗಲು ನಡೆದು ಸಂಜೆಗೆ ವಾಪಸ್ ಬರುವವರಿಗೆ ಯಾವ ಪರ್ಮಿಟ್ಟೂ ಬೇಡ. ಕಾಡಿನಲ್ಲಿ ರಾತ್ರಿ ಕಳೆಯುವುದಾದರೆ ಬೇಕೇ ಬೇಕು, ಅದೂ ನೀವು ಯಾವ ದಾರಿಯಿಂದ ಒಳಹೋಗುತ್ತೀರಿ ಎಂಬುದರ ಮೇಲೆ. ಪ್ರತಿ ಟ್ರೈಲ್‌ಹೆಡ್‌ಗೂ, ಅಂದರೆ ಕಾಲುದಾರಿ ಶುರುವಾಗುವ ಜಾಗಕ್ಕೂ, ದಿನಕ್ಕೆ ಇಂತಿಷ್ಟೇ ಜನ. ಅದರಲ್ಲಿ ಶೇ. 60 ಭಾಗವನ್ನು 24 ವಾರ ಮೊದಲೇ ಲಾಟರಿಯಲ್ಲಿ ಹಂಚುತ್ತಾರೆ. ಜುಲೈ ಕೊನೆಗೆ ಹೋಗಬೇಕೆಂದರೆ ಫೆಬ್ರವರಿಯಲ್ಲೇ ಅರ್ಜಿ. ಅರ್ಜಿಗೆ 10 ಡಾಲರ್, ಸಿಕ್ಕರೆ ತಲೆಗೆ ಇನ್ನೈದು. ಸಿಗದಿದ್ದರೆ ಆ ಹತ್ತು ಹೋಯಿತು.

ನನಗೆ ಸಿಗಲಿಲ್ಲ. ಉಳಿದ ಶೇ. 40 ಭಾಗ ಹೊರಡುವ ದಿನಕ್ಕೆ ಏಳು ದಿನ ಮುಂಚೆ, ಬೆಳಿಗ್ಗೆ ಸರಿಯಾಗಿ ಏಳು ಗಂಟೆಗೆ ರಿಕ್ರಿಯೇಷನ್ ಡಾಟ್ ಗವ್ ತಾಣದಲ್ಲಿ ಬಿಡುಗಡೆಯಾಗುತ್ತದೆ. ತತ್ಕಾಲ್ ಟಿಕೆಟ್ ಬುಕ್ ಮಾಡಿ ಪಳಗಿದ ಕೈಗೆ ಇದು ಹೊಸದಲ್ಲ: ಮೊದಲೇ ಲಾಗಿನ್ ಆಗಿ, ಕಾರ್ಡ್ ನಂಬರ್ ಸೇವ್ ಮಾಡಿಟ್ಟು, ಗಡಿಯಾರ ನೋಡುತ್ತ ಕೂರುವುದು. ಒಬ್ಬರೇ ಹೋಗುವವರಿಗೆ ಇಲ್ಲೊಂದು ಲಾಭವಿದೆ. ನಾಲ್ಕು ಜನರ ಗುಂಪಿಗೆ ನಾಲ್ಕು ಸೀಟು ಒಟ್ಟಿಗೆ ಬೇಕು. ಅವರಿವರು ಬಿಟ್ಟ ಒಂದು ಸೀಟು ಮಾತ್ರ ಉಳಿದಿದ್ದರೂ ನನಗೆ ಸಾಕು. ಲೈಯಲ್ ಕಣಿವೆಯ ದಾರಿಗೆ ಹಾಗೊಂದು ಉಳಿದಿತ್ತು, ತೆಗೆದುಕೊಂಡೆ.

ಆ ದಾರಿಯನ್ನೇ ಹುಡುಕಿಕೊಂಡು ಹೋಗಿದ್ದಕ್ಕೂ ಕಾರಣವಿದೆ. ಟುವಾಲಮಿ ಮೆಡೋಸ್ ಎಂಬ ಎತ್ತರದ ಹುಲ್ಲುಗಾವಲಿನಿಂದ ಹೊರಡುವ ಈ ಹಾದಿ, ಸಿಯೆರಾ ನೆವಾಡ ಬೆಟ್ಟಸಾಲಿನಲ್ಲಿ ಸಾಗುವ ಜಾನ್ ಮ್ಯೂರ್ ಟ್ರೈಲ್ ಎಂಬ ಉದ್ದನೆಯ ಚಾರಣದಾರಿಯ ಒಂದು ತುಂಡು. ಹೊಳೆಯನ್ನು ಎಡಕ್ಕಿಟ್ಟುಕೊಂಡು ಎಂಟೊಂಬತ್ತು ಮೈಲಿ ಹೆಚ್ಚುಕಡಿಮೆ ಸಮತಟ್ಟು. ದಾರಿ ತಪ್ಪುವ ಭಯವಿಲ್ಲ, ಹಗಲಿನಲ್ಲಿ ಗಂಟೆಗೊಬ್ಬರಾದರೂ ಎದುರಾಗುತ್ತಾರೆ. ಕೊನೆಯಲ್ಲಿ ಏರು ಶುರುವಾಗಿ 11,056 ಅಡಿಯ ಡೊನಹ್ಯೂ ಪಾಸ್ ಮುಟ್ಟುತ್ತದೆ. ಪಾಸ್ ಎಂದರೆ ಬೆಟ್ಟಸಾಲನ್ನು ದಾಟುವ ಜಾಗ. ಪಾಸ್ ದಾಟಿ ದಕ್ಷಿಣಕ್ಕೆ ಹೊರಟುಹೋಗುವವರಿಗೆ ಪ್ರತ್ಯೇಕ ಕೋಟಾ ಇದೆ, ಅದು ಸಿಗುವುದು ಇನ್ನೂ ಕಷ್ಟ. ನನ್ನ ಯೋಜನೆ ಸರಳವಾಗಿತ್ತು. ಕಣಿವೆಯಲ್ಲಿ ಒಂದು ಕಡೆ ಟೆಂಟ್ ಹಾಕುವುದು, ಅಲ್ಲಿಂದ ಒಂದು ದಿನ ಮೇಲಕ್ಕೆ ಹೋಗಿಬರುವುದು. ಬೆನ್ನ ಮೇಲೆ ಮನೆ ಹೊತ್ತು ದಿನಾ ನಡೆಯುವುದಕ್ಕಿಂತ ಒಂಟಿಯಾಗಿ ಹೋಗುವವರಿಗೆ ಇದೇ ಒಳ್ಳೆಯದೆಂದು ನನ್ನ ಅನಿಸಿಕೆ. ದಣಿದು ಬಂದಾಗ ಟೆಂಟ್ ತಯಾರಿರುತ್ತದೆ.

ಪರ್ಮಿಟ್ಟನ್ನು ಕೈಗೆ ಕೊಡುವುದು ಟುವಾಲಮಿ ಮೆಡೋಸ್‌ನ ವೈಲ್ಡರ್ನೆಸ್ ಸೆಂಟರ್‌ನಲ್ಲಿ. ಮರದ ಸಣ್ಣ ಕಟ್ಟಡ, ಹೊರಗೆ ಚೀಲ ಒರಗಿಸಿ ನಿಂತವರ ಸಾಲು. ಸಹಿ ಹಾಕಿಸಿಕೊಂಡು ಕಳಿಸುತ್ತಾರೆ ಎಂದುಕೊಂಡಿದ್ದೆ. ರೇಂಜರ್, ಅಂದರೆ ಉದ್ಯಾನದ ಸಿಬ್ಬಂದಿ, ಹೆಂಗಸು, ನಕ್ಷೆ ಬಿಡಿಸಿ ಕೂತೇಬಿಟ್ಟರು.

"ಮೊದಲ ರಾತ್ರಿ ಎಲ್ಲಿ?"

ಬೆರಳಿಟ್ಟು ತೋರಿಸಿದೆ.

"ಅದು ಮೆಡೋಸ್‌ನಿಂದ ನಾಲ್ಕು ಮೈಲಿ ದಾಟಿದೆಯಾ?"

ದಾಟಿತ್ತು. ನಾಲ್ಕು ಮೈಲಿಯೊಳಗೆ ಟೆಂಟ್ ಹಾಕುವಂತಿಲ್ಲ. ನೀರಿನಿಂದ ಕನಿಷ್ಠ ನೂರು ಅಡಿ ದೂರ. 9,600 ಅಡಿಗಿಂತ ಮೇಲೆ ಬೆಂಕಿ ಹಾಕುವಂತಿಲ್ಲ, ಏಕೆಂದರೆ ಅಷ್ಟು ಎತ್ತರದಲ್ಲಿ ಮರ ಬೆಳೆಯುವುದೇ ನಿಧಾನ, ಬಿದ್ದ ಕಟ್ಟಿಗೆಯೂ ಮಣ್ಣಿಗೆ ಬೇಕು. ಕರಡಿ ಬಂದರೆ ಏನು ಮಾಡುತ್ತೀರಿ ಎಂದು ಕೇಳಿದರು. ಸಂಜೆ ಮೋಡ ಕಟ್ಟಿದರೆ? ನಿಮ್ಮ ದಾರಿ, ವಾಪಸಾಗುವ ದಿನ ಯಾರಿಗಾದರೂ ಗೊತ್ತಿದೆಯಾ? ಬಾಯಿಪಾಠ ಒಪ್ಪಿಸಿದ ಹಾಗೆ ಉತ್ತರ ಕೊಟ್ಟೆ. ಈ ನಿಯಮಗಳ ಬಗ್ಗೆ ಗೊಣಗುವವರನ್ನು ತುಂಬ ನೋಡಿದ್ದೇನೆ, ಕಾಡಿಗೆ ಬಂದೂ ಸರ್ಕಾರಿ ಕಚೇರಿಯೇ ಎಂದು. ಆದರೆ ಆಕೆ ಕೇಳಿದ್ದೆಲ್ಲ ಜೊತೆಯಲ್ಲಿ ಒಬ್ಬ ಅನುಭವಸ್ಥರಿದ್ದಿದ್ದರೆ ನನ್ನನ್ನು ಕೇಳುತ್ತಿದ್ದ ಮಾತುಗಳೇ. ಜೊತೆ ಇಲ್ಲದವಳಿಗೆ ಆ ಕಾಗದವೇ ಜೊತೆ. ಮುಂದೆ ಬೆಟ್ಟದ ಮೇಲೆ ಏನಾದರೂ ತೀರ್ಮಾನಿಸಬೇಕಾದಾಗೆಲ್ಲ ನಾನು ಮನಸ್ಸಿನಲ್ಲಿ ಮಾತಾಡಿದ್ದು ಅವರ ಜೊತೆಗೇ.

ಪರ್ಮಿಟ್ ಇದ್ದವರಿಗೆ ಹೊರಡುವ ಹಿಂದಿನ ರಾತ್ರಿ ಅಲ್ಲೇ ಬೆನ್ನುಚೀಲದವರ ಕ್ಯಾಂಪ್‌ಗ್ರೌಂಡಿನಲ್ಲಿ ಮಲಗಲು ಅವಕಾಶವಿದೆ. ಬಳಸಿಕೊಳ್ಳಿ. ಟುವಾಲಮಿ ಮೆಡೋಸ್ ಇರುವುದೇ 8,600 ಅಡಿ ಎತ್ತರದಲ್ಲಿ. ಸಮುದ್ರಮಟ್ಟದಿಂದ ಬೆಳಿಗ್ಗೆ ಕಾರು ಹತ್ತಿ ಮಧ್ಯಾಹ್ನ ಅಲ್ಲಿ ಇಳಿದವರಿಗೆ ಸಂಜೆ ಹಣೆ ಎರಡೂ ಕಡೆ ಹಿಡಿದಂತಾಗುವುದು ಸಾಮಾನ್ಯ. ಒಂದು ರಾತ್ರಿ ಸುಮ್ಮನೆ ಮಲಗಿ ನೀರು ಕುಡಿದರೆ ಅರ್ಧ ಕಡಿಮೆಯಾಗುತ್ತದೆ.

ಇನ್ನು ಡಬ್ಬಿಯ ವಿಚಾರ. ಯೊಸೆಮಿಟಿಯ ಕಾಡಿನಲ್ಲಿ ರಾತ್ರಿ ಉಳಿಯುವವರೆಲ್ಲ ಊಟವನ್ನು ಕರಡಿ ಡಬ್ಬಿಯಲ್ಲೇ ಇಡಬೇಕು. ಗಟ್ಟಿ ಪ್ಲಾಸ್ಟಿಕ್ಕಿನ ದುಂಡು ಡ್ರಮ್ಮು, ಖಾಲಿ ಇದ್ದಾಗಲೇ ಒಂದು ಕೆಜಿಗೂ ಹೆಚ್ಚು. ಬಾಡಿಗೆಗೂ ಕೊಡುತ್ತಾರೆ. ಕರಡಿಯ ಪಂಜಕ್ಕೆ, ಹಲ್ಲಿಗೆ ಹಿಡಿತ ಸಿಗದ ಹಾಗೆ ಮೈಯೆಲ್ಲ ನುಣುಪು. ಮರದ ಕೊಂಬೆಗೆ ಊಟದ ಚೀಲ ನೇತುಹಾಕುವ ಹಳೇ ಉಪಾಯವನ್ನು ಅಲ್ಲಿನ ಕರಡಿಗಳು ಎಂದೋ ಕಲಿತುಬಿಟ್ಟಿವೆ. 1998ರಲ್ಲಿ ಯೊಸೆಮಿಟಿಯಲ್ಲಿ ಕರಡಿಗಳು ಕಾರಿನ ಬಾಗಿಲು ಕಿತ್ತದ್ದು, ಊಟ ಹೊತ್ತೊಯ್ದದ್ದು ಎಲ್ಲ ಸೇರಿ 1,584 ಪ್ರಕರಣ ದಾಖಲಾದವು. ಆಮೇಲೆ ನಿಯಮ ಬಿಗಿಯಾಯಿತು, ಸಂಖ್ಯೆ ಇಳಿಯಿತು. ಮನುಷ್ಯರ ಊಟದ ರುಚಿ ಹತ್ತಿದ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗುತ್ತದೆ. ಹಾಗಾಗಿ ಈ ಡಬ್ಬಿ ನನಗಿಂತ ಹೆಚ್ಚಾಗಿ ಅದರ ಜೀವ ಕಾಯುತ್ತದೆ.

ಡಬ್ಬಿಗೆ ಹಾಕಬೇಕಾದ್ದು ಊಟ ಮಾತ್ರ ಅಲ್ಲ, ವಾಸನೆ ಇರುವುದೆಲ್ಲ. ಟೂತ್‌ಪೇಸ್ಟ್, ಸನ್‌ಸ್ಕ್ರೀನ್, ತುಟಿಗೆ ಹಚ್ಚುವುದು, ವೆಟ್ ವೈಪ್ಸ್, ಚಾಕೊಲೇಟಿನ ಖಾಲಿ ಕವರು. ಮನೆಯಲ್ಲಿ ನೆಲದ ಮೇಲೆ ಎಲ್ಲ ಹರಡಿಕೊಂಡು ತುಂಬಿದೆ. ಅಂಗಡಿಯ ಒಣ ಊಟದ ಪ್ಯಾಕೆಟ್ಟುಗಳಲ್ಲಿ ಗಾಳಿಯೇ ಹೆಚ್ಚು. ಸೂಜಿಯಲ್ಲಿ ಚುಚ್ಚಿ ಗಾಳಿ ತೆಗೆದು, ಟೇಪ್ ಅಂಟಿಸಿದರೆ ಅರ್ಧ ಜಾಗ ಉಳಿಯಿತು. ಅವಲಕ್ಕಿಗೆ ಮೊದಲೇ ಒಗ್ಗರಣೆ ಹಾಕಿ, ಚೆನ್ನಾಗಿ ಒಣಗಿಸಿ, ಜಿಪ್ ಚೀಲದಲ್ಲಿ ಒತ್ತಿಟ್ಟೆ. ಬಿಸಿನೀರು ಹಾಕಿದರೆ ಐದು ನಿಮಿಷದ ಊಟ. ಅಷ್ಟು ಕಡಿಮೆ ಗ್ಯಾಸ್ ತಿನ್ನುವ ಅಡುಗೆ ಬೇರೆ ಯಾವ ಕಂಪನಿಯ ಪ್ಯಾಕೆಟ್ಟಿನಲ್ಲೂ ಇಲ್ಲ. ಅಷ್ಟೆತ್ತರದಲ್ಲಿ ನೀರು 91 ಡಿಗ್ರಿಯ ಆಸುಪಾಸಿಗೇ ಕುದಿಯುವುದರಿಂದ ಅಕ್ಕಿ, ಬೇಳೆ ಎಲ್ಲ ಅಲ್ಲಿ ಹಗಲುಗನಸು. ಚಟ್ನಿಪುಡಿಯನ್ನು ಮೂರು ಕವರಿನೊಳಗೆ ಸುತ್ತಿದೆ. ಮುಚ್ಚಳ ತೆಗೆದಾಗಲೆಲ್ಲ ಅದೇ ಮೊದಲು ಮೂಗಿಗೆ ಬರುತ್ತಿತ್ತು.

ನಡಿಗೆಯ ಮೊದಲ ಭಾಗ ಲಾಡ್ಜ್‌ಪೋಲ್ ಪೈನ್ ಕಾಡು. ರ‍್ಯಾಫರ್ಟಿ ತೊರೆಯ ಸೇತುವೆ ದಾಟಿ ಸ್ವಲ್ಪ ದೂರ ಹೋದ ಮೇಲೆ ಕಣಿವೆ ದಕ್ಷಿಣಕ್ಕೆ ಹೊರಳಿ ಬಾಯಿ ತೆರೆಯುತ್ತದೆ. ನಡುವೆ ಹಸಿರು ಹುಲ್ಲು, ಅದರೊಳಗೆ ಸುತ್ತಿ ಸುತ್ತಿ ಹರಿಯುವ ಹೊಳೆ, ಎಡಕ್ಕೆ ಕೂನಾ ಕ್ರೆಸ್ಟ್ ಎಂಬ ಬೆಟ್ಟಸಾಲಿನ ಉದ್ದನೆಯ ಗೋಡೆ. ಹೊಳೆಯ ತಳದ ಕಲ್ಲುಗಳನ್ನು ಒಂದೊಂದಾಗಿ ಎಣಿಸಬಹುದು. ಈ ನೀರೇ ಕೆಳಗೆ ಹರಿದು ಹೆಚ್ ಹೆಚಿ ಅಣೆಕಟ್ಟೆ ಸೇರಿ ಸ್ಯಾನ್ ಫ್ರಾನ್ಸಿಸ್ಕೊದ ನಲ್ಲಿಗಳಿಗೆ ಹೋಗುತ್ತದೆ. ಎಷ್ಟೇ ತಿಳಿಯಾಗಿ ಕಂಡರೂ ಹಾಗೇ ಕುಡಿಯಬಾರದು, ಜಿಯಾರ್ಡಿಯಾ ಎಂಬ ಹೊಟ್ಟೆ ಕೆಡಿಸುವ ಜೀವಿ ಇರಬಹುದು. ನಾನು ಹಿಂಡುವ ಫಿಲ್ಟರ್ ಇಟ್ಟುಕೊಂಡಿದ್ದೆ. ಅದರೊಳಗಿನ ನೀರು ರಾತ್ರಿ ಹೆಪ್ಪುಗಟ್ಟಿದರೆ ಎಳೆಗಳು ಒಡೆದು ಫಿಲ್ಟರ್ ಕೆಟ್ಟಿದ್ದೂ ಗೊತ್ತಾಗುವುದಿಲ್ಲ. ಅದಕ್ಕೇ ಅದು ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ ನನ್ನ ಜೊತೆ ಮಲಗುತ್ತಿತ್ತು.

ಜುಲೈನಲ್ಲಿ ಎಂಥ ಹೆಪ್ಪು ಎನ್ನಬೇಡಿ. ತಣ್ಣನೆಯ ಗಾಳಿ ಭಾರ, ರಾತ್ರಿ ಎರಡೂ ಕಡೆಯ ಬೆಟ್ಟಗಳಿಂದ ಜಾರಿ ಹುಲ್ಲುಗಾವಲಿನ ಮೇಲೆ ಬಂದು ನಿಲ್ಲುತ್ತದೆ. ಬೆಳಿಗ್ಗೆ ಹುಲ್ಲೆಲ್ಲ ಬಿಳಿ. ಫೋಟೊಕ್ಕೆ ಚೆಂದ ಎಂದು ಹುಲ್ಲಿನ ಅಂಚಿನಲ್ಲೇ ಟೆಂಟ್ ಹಾಕಿದವರು ಒದ್ದೆ ಬಟ್ಟೆ ಹಿಂಡುತ್ತ ಏಳುತ್ತಾರೆ. ಹತ್ತಿಪ್ಪತ್ತು ಮೀಟರ್ ಮೇಲೆ, ಮರಗಳ ನಡುವೆ, ಹಿಂದೆ ಯಾರೋ ಮಲಗಿ ಗಟ್ಟಿಯಾದ ನೆಲ ಹುಡುಕಬೇಕು. ಅಲ್ಲಿ ಚಳಿಯೂ ಕಡಿಮೆ, ಗಾಳಿಯಾಡುವುದರಿಂದ ಸೊಳ್ಳೆಯೂ ಕಡಿಮೆ. ಕಡಿಮೆ ಅಂದೆ, ಇಲ್ಲ ಅನ್ನಲಿಲ್ಲ. ಹಿಮ ಕರಗಿದ ನೀರು ಅಲ್ಲಲ್ಲಿ ನಿಂತು ಜುಲೈ ಪೂರ್ತಿ ಸೊಳ್ಳೆಗಳ ಸುಗ್ಗಿ. ತಲೆಗೆ ಬಲೆ ಹಾಕಿಕೊಂಡೇ ಅವಲಕ್ಕಿ ತಿನ್ನುವ ಕಲೆ ನನಗೀಗ ಬರುತ್ತದೆ: ಚಮಚ ಕೆಳಗಿನಿಂದ ಒಳಗೆ, ಬಲೆ ತಕ್ಷಣ ಕೆಳಗೆ. ಸೊಳ್ಳೆ ಕಾಟ ಬೇಡವೆಂದರೆ ಆಗಸ್ಟ್ ಕೊನೆಗೆ ಹೋಗಿ. ಆಗ ಹೂವೂ ಇರುವುದಿಲ್ಲ, ಅಷ್ಟೇ.

ಮೊದಲ ರಾತ್ರಿ ನಿದ್ದೆ ಬರಲಿಲ್ಲ. ಹೆದರಿಕೆಗಿಂತ ಕಿವಿಯ ಚೇಷ್ಟೆ. ಹೊಳೆಯ ಸದ್ದು ಕೇಳುತ್ತ ಮಲಗಿದರೆ ಅದರೊಳಗೆ ಯಾರೋ ಮಾತಾಡಿದಂತೆ ಕೇಳಿಸುತ್ತದೆ. ಹೊಳೆಯ ಪಕ್ಕ ಮಲಗಿದ ಬಹಳ ಜನರಿಗೆ ಹೀಗಾಗುತ್ತದಂತೆ; ಒಂದೇ ಸಮನೆ ಬರುವ ಸದ್ದಿನಲ್ಲಿ ಮಿದುಳು ತನಗೆ ಪರಿಚಯದ್ದನ್ನು ಹುಡುಕಿಕೊಳ್ಳುತ್ತದೆ. ನನಗೆ ಕೇಳಿಸಿದ್ದು ಮದುವೆಮನೆಯ ಗದ್ದಲ. ಹಿರಿಯ ಹೆಂಗಸೊಬ್ಬರು ಪಾತ್ರೆ ಎಲ್ಲಿ, ಪಾತ್ರೆ ಎಲ್ಲಿ ಎಂದು ಅಚ್ಚ ಕನ್ನಡದಲ್ಲಿ ಕೇಳುತ್ತಲೇ ಇದ್ದರು. ಎದ್ದು ಕೂತರೆ ಬರೀ ನೀರು. ಮಲಗಿದರೆ ಮತ್ತೆ ಪಾತ್ರೆ. ಇಯರ್‌ಪ್ಲಗ್ ಹಾಕಿಕೊಂಡ ಮೇಲೆ ನಿದ್ದೆ ಬಂತು. ಒಬ್ಬಳೇ ಇರುವಾಗ ಕಿವಿ ಮುಚ್ಚಿ ಮಲಗಬೇಕೋ ಬೇಡವೋ ಎಂದು ವಾದಿಸುವವರಿದ್ದಾರೆ. ನಿದ್ದೆಗೆಟ್ಟು ಮರುದಿನ ಬಂಡೆಯ ಮೇಲೆ ಕಾಲಿಡುವುದು ಹೆಚ್ಚು ಅಪಾಯ ಎಂಬ ಪಕ್ಷ ನನ್ನದು.

ಸಂಜೆ ಏಳಕ್ಕೆ ಉಪಗ್ರಹದ ಸಂದೇಶ ಯಂತ್ರದಿಂದ ಅಕ್ಕನಿಗೆ ಒಂದು ಮೆಸೇಜು ಕಳಿಸುವುದು ಒಪ್ಪಂದವಾಗಿತ್ತು. ಅಂಗೈಯಗಲದ ಯಂತ್ರ, ಆಕಾಶ ಕಾಣುವ ಕಡೆ ಇಟ್ಟು ಕಾಯಬೇಕು. 'ಕ್ಯಾಂಪ್ ಸೇರಿದೆ, ಚೆನ್ನಾಗಿದ್ದೇನೆ' ಎಂದು ಕಳಿಸಿದೆ. ಹತ್ತು ನಿಮಿಷ ಬಿಟ್ಟು ಬಾಹ್ಯಾಕಾಶ ಸುತ್ತಿಕೊಂಡು ಉತ್ತರ ಬಂತು: 'ಊಟ ಆಯ್ತಾ?'

ಮೇಲೆ ಹೋದದ್ದು ಮರುದಿನ. ಬೆಳಕು ಹರಿಯುವ ಮೊದಲೇ ಹೊರಟೆ, ಅದಕ್ಕೆ ಎರಡು ಕಾರಣ. ಸಿಯೆರಾದಲ್ಲಿ ಜುಲೈ, ಆಗಸ್ಟ್ ತಿಂಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಗುಡುಗಿನ ಮೋಡ ಕಟ್ಟುವುದುಂಟು. ಪಾಸ್‌ನಂಥ ಬೋಳು ಜಾಗದಿಂದ ಅಷ್ಟರೊಳಗೆ ಇಳಿದಿರಬೇಕು. ಇನ್ನೊಂದು, ದಾರಿಯಲ್ಲಿ ದಾಟಬೇಕಾದ ಹೊಳೆ. ಹಿಮ ಕರಗುವುದು ಹಗಲು ಬಿಸಿಲಿಗೆ; ಹಾಗಾಗಿ ಬೆಳಿಗ್ಗೆ ಮೀನಖಂಡದವರೆಗೆ ಇದ್ದ ನೀರು ಸಂಜೆಗೆ ಮೊಣಕಾಲು ಮುಟ್ಟುತ್ತದೆ.

ಕಣಿವೆ ಮುಗಿದಲ್ಲಿ ಮೆಟ್ಟಿಲಿನಂಥ ಏರು. ಸೇತುವೆಯೊಂದನ್ನು ದಾಟಿ, ಮರಗಳು ಕುಳ್ಳಗಾಗುತ್ತ ಹೋಗಿ, 10,200 ಅಡಿಯ ಹತ್ತಿರ ಒಂದು ಸಣ್ಣ ಕೆರೆ ಸಿಗುತ್ತದೆ. ಅದರ ಬಾಯಲ್ಲೇ ಹೊಳೆ ದಾಟುವುದು. ಎದುರಿಗೆ ಯೊಸೆಮಿಟಿಯ ಅತಿ ಎತ್ತರದ ಶಿಖರ ಮೌಂಟ್ ಲೈಯಲ್, 13,114 ಅಡಿ. ಅದರ ಭುಜದ ಮೇಲೆ ಮಾಸಲು ಬಿಳಿ ಹಚ್ಚಡ, ಲೈಯಲ್ ಹಿಮನದಿ. ಇಲ್ಲೇ ಪಕ್ಕದ ಮಕ್ಲೂರ್ ಹಿಮನದಿಯ ಮೇಲೆ 1872ರಲ್ಲಿ ನಿಸರ್ಗ ಬರಹಗಾರ ಜಾನ್ ಮ್ಯೂರ್ ಗೂಟಗಳನ್ನು ನೆಟ್ಟು, ಮತ್ತೆ ಬಂದು ಅಳೆದು, ಅದು ದಿನಕ್ಕೆ ಸುಮಾರು ಒಂದು ಇಂಚು ಚಲಿಸುತ್ತದೆ ಎಂದು ತೋರಿಸಿದ್ದು. 2012ರಲ್ಲಿ ಪಾರ್ಕಿನವರು ಅದೇ ರೀತಿ ಗೂಟ ನೆಟ್ಟು ಎರಡನ್ನೂ ಅಳೆದರು. ಮಕ್ಲೂರ್ ಈಗಲೂ ಹೆಚ್ಚುಕಡಿಮೆ ಅದೇ ವೇಗದಲ್ಲಿ ಜಾರುತ್ತಿತ್ತು. ಲೈಯಲ್ ಕದಲಿರಲೇ ಇಲ್ಲ. ತನ್ನ ಭಾರಕ್ಕೆ ತಾನೇ ಜಾರುವಷ್ಟು ದಪ್ಪ ಅದರಲ್ಲಿ ಉಳಿದಿಲ್ಲ. ಚಲಿಸದಿದ್ದ ಮೇಲೆ ಅದನ್ನು ಹಿಮನದಿ ಎನ್ನುವುದೂ ಕಷ್ಟ. ಕೆಳಗೆ ಟೆಂಟಿನ ಪಕ್ಕ ಆಗಸ್ಟ್ ಕೊನೆಗೂ ಹೊಳೆ ಹರಿಯುವುದರಲ್ಲಿ ಇದರ ಪಾಲೂ ಇದೆ ಎಂದು ಓದಿಕೊಂಡು ಬಂದಿದ್ದೆ. ಅಲ್ಲಿ ಕೂತು ನೋಡಿದಾಗ ಅದು ತೀರಾ ಚಿಕ್ಕದು ಅನ್ನಿಸಿತು, ಅಷ್ಟುದ್ದದ ಹೊಳೆಗೆ.

ನೀರಿಗಿಳಿಯುವ ಮೊದಲು ಬೆನ್ನುಚೀಲದ ಸೊಂಟಪಟ್ಟಿ ಬಿಚ್ಚಿದೆ. ಬಿದ್ದರೆ ಚೀಲ ಸುಲಭವಾಗಿ ಕಳಚಬೇಕು. ಬೂಟು ಬಿಚ್ಚಲಿಲ್ಲ, ಆ ನೀರಿನಲ್ಲಿ ಬರಿಗಾಲು ನಾಲ್ಕು ಹೆಜ್ಜೆಗೇ ಮರಗಟ್ಟುತ್ತದೆ. ಎರಡು ಕೋಲು ಮುಂದೆ ಊರಿ, ಹರಿವಿಗೆ ಎದುರಾಗಿ ಮುಖ ಮಾಡಿ, ಪಕ್ಕಪಕ್ಕಕ್ಕೆ ಕಾಲೆಳೆಯುತ್ತ ದಾಟಿದೆ. ಆಚೆ ದಡದಲ್ಲಿ ಸಾಕ್ಸ್ ಹಿಂಡುತ್ತಿದ್ದಾಗ ಗಂಟೆ ಒಂಬತ್ತೂ ಆಗಿರಲಿಲ್ಲ, ಪಾಸ್‌ನ ಹಿಂದಿನಿಂದ ಹೂಕೋಸಿನಂಥ ಮೋಡವೊಂದು ತಲೆ ಎತ್ತಿತು. ಒಂದೇ ಒಂದು. ಸುತ್ತ ಆಕಾಶವೆಲ್ಲ ನೀಲಿ.

ಗುಂಪಿನಲ್ಲಿ ಹೋದಾಗ ಇಂಥಲ್ಲಿ ಚರ್ಚೆ ನಡೆಯುತ್ತದೆ. ಒಬ್ಬರು ಹೋಗೋಣ ಅನ್ನುತ್ತಾರೆ, ಒಬ್ಬರು ಬೇಡ ಅನ್ನುತ್ತಾರೆ, ಕೊನೆಗೆ ಯಾರ ದನಿ ದೊಡ್ಡದೋ ಅವರ ಮಾತು ನಡೆಯುತ್ತದೆ. ನನಗೆ ಎರಡೂ ಪಾತ್ರ ನನ್ನದೇ. ಮೇಲಕ್ಕೆ ಇನ್ನೂ ಎಂಟುನೂರು ಅಡಿ ಏರು, ಎಲ್ಲ ಬಂಡೆ, ಒಂದು ಮರವಿಲ್ಲ. ಹೋಗಿಬರಲು ಎರಡು ಗಂಟೆ ಬೇಕು. ಒಂಬತ್ತಕ್ಕೇ ಮೋಡ ಏಳುವುದಾದರೆ ಹನ್ನೊಂದಕ್ಕೆ ಅದು ಎಲ್ಲಿರುತ್ತದೆ ಎಂದು ರೇಂಜರಮ್ಮ ಕೇಳಿದಂತಾಯಿತು. ಅರ್ಧ ಗಂಟೆ ಕೂತು ನೋಡಿದೆ. ಮೋಡದ ಬುಡ ಅಗಲವಾಗಿ ಬೂದು ಬಣ್ಣಕ್ಕೆ ತಿರುಗಿತು. ಹೊಳೆ ಮತ್ತೆ ದಾಟಿ ಕೆಳಗಿಳಿದೆ. ಮೊದಲ ಗುಡುಗು ಕೇಳಿದಾಗ ಮರಗಳ ನಡುವೆ ಇದ್ದೆ. ಮಿಂಚು ಕಂಡು ಹದಿನೈದು ಎಣಿಸಿದ ಮೇಲೆ ಸದ್ದು ಬಂತು, ಅಂದರೆ ಐದು ಕಿಲೋಮೀಟರ್. ಮುಂದಿನದಕ್ಕೆ ಒಂಬತ್ತೇ ಎಣಿಕೆ. ಆಮೇಲೆ ಎಣಿಸುವ ಉಸಾಬರಿಗೆ ಹೋಗದೆ ಬೇಗ ಬೇಗ ಹೆಜ್ಜೆ ಹಾಕಿದೆ. ಕಡಲೆಕಾಳಿನ ಗಾತ್ರದ ಆಲಿಕಲ್ಲು ಬಿತ್ತು. ಪಾಸ್ ನೋಡಲಿಲ್ಲ ಎಂಬ ಬೇಸರ ಇದೆ, ಇಲ್ಲವೆಂದರೆ ಸುಳ್ಳಾಗುತ್ತದೆ.

ಮಧ್ಯೆ ಒಂದು ಮಾತು, ಯಾರೂ ಬರೆಯುವುದಿಲ್ಲ ಎಂದು ಬರೆಯುತ್ತಿದ್ದೇನೆ. ಬಹಿರ್ದೆಸೆಗೆ ನೀರಿನಿಂದ, ದಾರಿಯಿಂದ ನೂರು ಅಡಿ ದೂರ ಹೋಗಿ ಅರ್ಧ ಅಡಿ ಗುಂಡಿ ತೋಡಿ ಮುಚ್ಚಬೇಕು. ಬಳಸಿದ ಕಾಗದವನ್ನು ಮಾತ್ರ ಹೂಳುವಂತಿಲ್ಲ, ಚೀಲದಲ್ಲಿ ಕಟ್ಟಿ ಹೊತ್ತು ತರಬೇಕು. ನೀರಿನ ಅಭ್ಯಾಸದ ನಮ್ಮವರಿಗೆ ಇಲ್ಲಿ ಹೊರುವ ಭಾರ ಕಡಿಮೆ. ಸಣ್ಣ ಬಾಟಲಿಗೆ ತೂತಿನ ಮುಚ್ಚಳ ಹಾಕಿಕೊಂಡರೆ ಮುಗಿಯಿತು. ಇದನ್ನೇ ಅಲ್ಲಿನ ಹೊಸಕಾಲದ ಚಾರಣಿಗರು ಈಗ ದುಡ್ಡು ಕೊಟ್ಟು ಕೊಳ್ಳುತ್ತಿದ್ದಾರೆ.

ಕರಡಿ ಬಂದದ್ದು ಹೊರಡುವ ಹಿಂದಿನ ಸಂಜೆ. ನಮ್ಮ ಕಡೆಯ ಕರಡಿಯ ಕಥೆ ಕೇಳಿ ಬೆಳೆದವರಿಗೆ ಆ ಹೆಸರೇ ಭಯ. ಎದುರಾದರೆ ಮುಖಕ್ಕೇ ಹಾಯುತ್ತದೆ ಎಂದು ಹಿರಿಯರು ಹೇಳುತ್ತಿದ್ದುದು ಸುಳ್ಳಲ್ಲ. ಯೊಸೆಮಿಟಿಯಲ್ಲಿರುವುದು ಅಮೆರಿಕದ ಕಪ್ಪು ಕರಡಿ (ಹೆಸರಷ್ಟೇ ಕಪ್ಪು, ಮೈ ಕಂದೂ ಇರುತ್ತದೆ), ಸ್ವಭಾವ ಬೇರೆ. ಅಲ್ಲಿ ಕರಡಿಯಿಂದ ಈವರೆಗೆ ಯಾರೂ ಸತ್ತಿಲ್ಲ. ಇದೆಲ್ಲ ತಲೆಗೆ ಗೊತ್ತಿತ್ತು, ಎದೆಗೆ ಗೊತ್ತಿರಲಿಲ್ಲ. ಡಬ್ಬಿಯನ್ನೇ ಸ್ಟೂಲು ಮಾಡಿಕೊಂಡು ಕೂತು ಚಹಾ ಕುಡಿಯುತ್ತಿದ್ದೆ. ಹೊಳೆಯಾಚೆ ಕಂದು ಬಣ್ಣದ್ದೊಂದು ಬಿದ್ದ ಮರದ ದಿಮ್ಮಿಯನ್ನು ಎರಡು ಕೈಯಲ್ಲಿ ಹಿಡಿದು, ಸಲೀಸಾಗಿ ಮಗುಚಿ, ಅಡಿಯಲ್ಲಿದ್ದ ಇರುವೆಗಳನ್ನು ನೆಕ್ಕತೊಡಗಿತು. ಇನ್ನೊಂದು ದಿಮ್ಮಿ, ಮತ್ತೆ ನೆಕ್ಕುವುದು. ನನ್ನ ಕಡೆ ನೋಡಲೇ ಇಲ್ಲ. ಚಹಾದ ಲೋಟ ಇಟ್ಟು, ಎದ್ದು ನಿಂತು ನೋಡುತ್ತಿದ್ದೆ. ಅಷ್ಟರಲ್ಲಿ ಗಾಳಿ ತಿರುಗಿರಬೇಕು, ಮೂಗು ಮೇಲೆತ್ತಿತು. ಚಟ್ನಿಪುಡಿ! ನೀರಿಗೆ ಇಳಿಯುವಂತೆ ಎರಡು ಹೆಜ್ಜೆ ಮುಂದಿಟ್ಟಿತು. ಕ್ಯಾಂಪಿನ ಕಡೆ ಬಂದರೆ ಸುಮ್ಮನಿರಬಾರದು, ಮೈ ದೊಡ್ಡದು ಮಾಡಿಕೊಂಡು ಗದ್ದಲ ಮಾಡಬೇಕು ಎಂದು ಪಾಠವಾಗಿತ್ತು. ಪಾತ್ರೆಗೆ ಚಮಚ ಬಡಿಯುತ್ತ, "ಏಯ್! ಹೋಗಾಚೆ! ಹೋಗು!" ಎಂದು ಕೂಗಿದೆ. ಇಂಗ್ಲಿಷು ಬಾಯಿಗೆ ಬರಲಿಲ್ಲ. ಅದು ನಿಂತು, ಒಂದು ಕ್ಷಣ ನೋಡಿ, ಬೇಸರದಲ್ಲಿ ತಿರುಗಿಕೊಂಡು ಕಾಡಿನೊಳಗೆ ಹೋಯಿತು. ಡಬ್ಬಿ ಭದ್ರವಾಗಿ ಮುಚ್ಚಿ, ಟೆಂಟಿನಿಂದ ಮೂವತ್ತು ಮೀಟರ್ ದೂರ ಎರಡು ಬಂಡೆಯ ನಡುವೆ ಇಟ್ಟು ಬಂದೆ. ಬೆಳಿಗ್ಗೆ ಅದು ಇಟ್ಟಲ್ಲೇ ಇತ್ತು, ಮುಚ್ಚಳದ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಚಳಿಗೆ ಸೆಟೆದ ಬೆರಳಿನಲ್ಲಿ ಅದನ್ನು ತೆರೆಯುವಷ್ಟರಲ್ಲಿ ನನಗೂ ಕರಡಿಯ ಕಷ್ಟ ಅರ್ಥವಾಯಿತು.

ಬಾಡಿಗೆ ಡಬ್ಬಿ ವಾಪಸ್ ಮಾಡಲು ಸೆಂಟರ್‌ಗೆ ಹೋದಾಗ ಬೇರೆ ರೇಂಜರ್ ಇದ್ದರು, ಹುಡುಗ. ಕರಡಿ ಕಂಡದ್ದನ್ನು ಹೇಳಬೇಕು, ಅವರು ಬರೆದಿಟ್ಟುಕೊಳ್ಳುತ್ತಾರೆ. ಎಲ್ಲಿ, ಎಷ್ಟು ಹೊತ್ತಿಗೆ, ಕಿವಿಗೆ ಬಿಲ್ಲೆ ಇತ್ತಾ, ಊಟ ಏನಾದರೂ ಸಿಕ್ಕಿತಾ ಎಂದೆಲ್ಲ ಕೇಳಿದರು. ಇಲ್ಲ, ಇರುವೆ ಮಾತ್ರ ಎಂದೆ.

"ನೀವೇನು ಮಾಡಿದಿರಿ?"

"ಬೈದೆ."

ಅವರು ಅದನ್ನೂ ಬರೆದುಕೊಂಡು, ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿ, ಇದನ್ನು ಇನ್ನೊಂದು ಸಲ ತೊಳೆಯಬೇಕಾಗುತ್ತದೆ ಎಂದು ಪಕ್ಕಕ್ಕಿಟ್ಟರು.